ಹಳೆಯ ಕಾರಿನ ಒಡಲು ಮತ್ತು ತುಕ್ಕು: ಒಂದು ಅಭ್ಯಾಸ

ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಎಲ್ಲರೂ ಬಲ್ಲ ಸಂಗತಿಯಾದ ಕಾರಣದಿಂದಲೇ ಅದರ ವಿಷಯದಲ್ಲಿ ನಾವು ಹೆಚ್ಚು ಆಲೋಚಿಸುವುದಿಲ್ಲ. ವಿಜ್ಞಾನದ ಉಪಾಧ್ಯಾಯರಾದವರು ತರಗತಿಯಲ್ಲಿ ಮೂರು ಪ್ರನಾಳಗಳ ಪ್ರಯೋಗವನ್ನು ತೋರಿಸಿಯೇ ಇರುತ್ತಾರೆ. ಒಂದರಲ್ಲಿ ಮೊಳೆ ನೀರಿನಲ್ಲಿ ಅರ್ಧ ಮುಳುಗಿರುತ್ತದೆ. ಎರಡನೆಯದರಲ್ಲಿ ಕುದಿಸಿ ಗಾಳಿ ಕಳೆದ ನೀರು, ಅದರ ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ತೇವ ಹೀರುವ ಪದಾರ್ಥ ಮತ್ತು ಒಣಗಾಳಿ. ಕೆಲವು ದಿನಗಳ ಬಳಿಕ ಮೊದಲನೆಯ ಮೊಳೆ ಮಾತ್ರ ಕೆಂಪಾಗಿರುತ್ತದೆ. ನೀರು ಮತ್ತು ಗಾಳಿ ಎರಡೂ ಕೂಡಿದರೆ ಮಾತ್ರ ತುಕ್ಕು ಎಂಬುದು ಪಾಠದ ಸಾರ. ಮೂವತ್ತು ವರ್ಷಗಳ ಕಾಲ ಈ ಪ್ರಯೋಗವನ್ನು ತೋರಿಸುತ್ತ ಬಂದ ಈ ಲೇಖಕನಿಗೆ ಅದರ ಪೂರ್ಣಾರ್ಥ ಮನದಟ್ಟಾದುದು ನಿವೃತ್ತಿಯ ತರುವಾಯ, ಸಾರಕ್ಕಿಯ ಒಂದು ತಗಡಿನ ಶೆಡ್ಡಿನಲ್ಲಿ, ಹಳೆಯ ಕಾರೊಂದರ ಪಕ್ಕದಲ್ಲಿ ನಿಂತಾಗ. ಆ ಅನುಭವವನ್ನು ಪಾಠದ ರೂಪದಲ್ಲಿ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಕಾರಿನ ಪೂರ್ವವೃತ್ತಾಂತ

ಸಾರಕ್ಕಿ ಒಂದು ಕಾಲಕ್ಕೆ ಬೆಂಗಳೂರಿನ ಹೊರಗೆ, ಕನಕಪುರ ರಸ್ತೆಯ ಮಗ್ಗುಲಲ್ಲಿದ್ದ ಹಳ್ಳಿ. ಊರಿನ ಕೆರೆ ಇಂದಿಗೂ ಉಳಿದಿದೆ; ಸುತ್ತಲಿನ ಹೊಲಗದ್ದೆಗಳು ಜೆ.ಪಿ. ನಗರದ ಬಡಾವಣೆಗಳಾಗಿವೆ. ಮೂರನೆಯ ಹಂತದ ಬಳಿ ಸಾರಕ್ಕಿಯ ಹೆಸರಿನದೇ ಒಂದು ಕೈಗಾರಿಕಾ ಬಡಾವಣೆಯೂ ಉಂಟು. 2017ರಿಂದ ಮೆಟ್ರೋ ರೈಲು ಈ ಪ್ರದೇಶದ ಮೇಲಿನಿಂದಲೇ ಹಾದು ಹೋಗುತ್ತಿದೆ. ಇಂತಹ ಊರಿನ ಒಂದು ಅಡ್ಡರಸ್ತೆಯಲ್ಲಿರುವ ನಮ್ಮ ಮನೆಯ ಮುಂದೆ, ಹೊಂಗೆಯ ಮರದ ಕೆಳಗೆ, 1972ರ ಅಂಬಾಸಡರ್ ಕಾರೊಂದು ಬಹುಕಾಲದಿಂದ ನಿಂತಿತ್ತು. ಅದು ನಮ್ಮ ಮಾವನವರದು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ್ 1ರಂದು. ಕಾರು ನೋಂದಣಿಯಾದುದು ಅದಕ್ಕೂ ಮುಂಚೆ. ಆದುದರಿಂದ ಅದರ ಸಂಖ್ಯಾಫಲಕವು ಮೈಸೂರು ರಾಜ್ಯದ ‘ಎಂ.ವೈ.’ ಎಂಬ ಅಕ್ಷರಗಳನ್ನು ಇಂದಿಗೂ ಹೊತ್ತಿದೆ. ಮನೆಯ ಮೂರು ಮದುವೆಗಳ ವಧೂವರರು ಅದರಲ್ಲಿಯೇ ಕುಳಿತು ಬಂದವರು. ಮಾವನವರು ಕಾಲವಾದ ಮೇಲೆ ಅದು ನಿಂತಲ್ಲಿಯೇ ನಿಂತಿತು.

ಹತ್ತು ವರ್ಷಗಳ ಹಿಂದೊಮ್ಮೆ ಬಾಗಿಲುಗಳ ಕೆಳಗೆ ಬಣ್ಣ ಗುಳ್ಳೆಯೆದ್ದುದನ್ನು ಕಂಡು, ನಗರದ ಬೇರೊಂದು ಭಾಗದ ಗ್ಯಾರೇಜಿಗೆ ಅದನ್ನು ಕೊಟ್ಟೆವು. ಐದು ದಿನಗಳಲ್ಲಿ ಕಾರು ಕನ್ನಡಿಯಂತೆ ಹೊಳೆಯುತ್ತ ಹಿಂದಿರುಗಿತು. ಮನೆಮಂದಿಗೆಲ್ಲ ಸಂತೋಷವಾಯಿತು. ಎರಡು ಮಳೆಗಾಲಗಳು ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಅದಕ್ಕಿಂತ ದೊಡ್ಡ ಗುಳ್ಳೆಗಳು ಎದ್ದವು. ಮೂರನೆಯ ಮಳೆಗಾಲದಲ್ಲಿ ಬಣ್ಣದ ಜೊತೆಗೆ ಅಂಗೈಯಗಲದ ಪುಟ್ಟಿಯ ಹೆಂಟೆಯೊಂದು ಕಳಚಿ ಬಿದ್ದಿತು. ಅದರ ಹಿಂದೆ ಇರಬೇಕಾದ ಉಕ್ಕಿನ ತಗಡು ಇರಲಿಲ್ಲ. ಕಂದು ಬಣ್ಣದ ಪುಡಿಯಿತ್ತು. ನಾವು ಹಣ ತೆತ್ತುದು ದುರಸ್ತಿಗಲ್ಲ, ಮುಚ್ಚಿಗೆಗೆ ಎಂಬುದು ಅಂದು ತಿಳಿಯಿತು.

ಮಗನು ಅದನ್ನು ಗುಜರಿಗೆ ಕೊಡುವುದೇ ಲೇಸೆಂದನು. ಅವನ ಮಾತಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಆದರೆ ಈ ಲೇಖಕನ ಧರ್ಮಪತ್ನಿಗೆ ಅದು ತಂದೆಯ ಕೈಯ ಗುರುತು. ಹೀಗೆ ನಿರ್ಣಯವಾಗದೆ ಉಳಿದ ಪ್ರಶ್ನೆಯನ್ನು ಹೊತ್ತು, ಸಾರಕ್ಕಿಯಲ್ಲಿಯೇ ಟಿಂಕರಿಂಗ್ ಕೆಲಸ ಮಾಡುವ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಹೋದೆವು.

ತುಕ್ಕಿನ ಸ್ವರೂಪ

ಮುಂದಿನ ಸಂಗತಿಗಳನ್ನು ಗ್ರಹಿಸುವುದಕ್ಕೆ ತುಕ್ಕಿನ ಸ್ವಭಾವವನ್ನು ಮೊದಲು ತಿಳಿಯಬೇಕು. ತುಕ್ಕು ಹಿಡಿಯುವುದೆಂದರೆ ಲೋಹದ ಮೈಮೇಲೆ ನಡೆಯುವ ಒಂದು ಸಣ್ಣ ವಿದ್ಯುತ್ಕೋಶದ ವ್ಯಾಪಾರ. ತೇವವಿರುವ ಕಬ್ಬಿಣದ ಒಂದು ಭಾಗದಲ್ಲಿ ಲೋಹವು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ನೀರಿನಲ್ಲಿ ಕರಗುತ್ತದೆ. ಮತ್ತೊಂದು ಭಾಗದಲ್ಲಿ ನೀರಿನಲ್ಲಿರುವ ಆಮ್ಲಜನಕವು ಆ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ. ಇವೆರಡರ ಫಲವಾಗಿ ಹುಟ್ಟುವ ಜಲಯುಕ್ತ ಆಕ್ಸೈಡೇ ತುಕ್ಕು. ಉಪ್ಪು ಬೆರೆತರೆ ನೀರಿನ ವಾಹಕಶಕ್ತಿ ಹೆಚ್ಚುವುದರಿಂದ ಕ್ರಿಯೆಯ ವೇಗವೂ ಹೆಚ್ಚುತ್ತದೆ. ಮಂಗಳೂರಿನ ಕಡಲಗಾಳಿಯಲ್ಲಿ ಬೇಗ ನಶಿಸುವ ತಗಡು ಬೆಂಗಳೂರಿನಲ್ಲಿ ಹೆಚ್ಚು ಕಾಲ ಬಾಳುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಮೂರು ವಿಷಯಗಳು ವಿಶೇಷವಾಗಿ ಗಮನಾರ್ಹ. ಮೊದಲನೆಯದು, ಗಾಳಿ ಚೆನ್ನಾಗಿ ಆಡುವ ಕಡೆಗಿಂತಲೂ ಗಾಳಿ ಕಡಿಮೆಯಿರುವ ಸಂದಿಯಲ್ಲಿಯೇ ಲೋಹ ಕರಗುತ್ತದೆ. ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡ ಹಸಿ ಮಣ್ಣಿನ ಕೆಳಗೆ, ಎರಡು ತಗಡುಗಳ ಬೆಸುಗೆಯ ನಡುವೆ, ರಬ್ಬರಿನ ಬೀಡಿಂಗ್ ಅಡಿಯಲ್ಲಿ ತುಕ್ಕು ಉಗ್ರವಾಗುವುದು ಈ ಕಾರಣದಿಂದ. ನಾವು ಕಾಣುವ ಸ್ಥಳದಲ್ಲಿ ಕೇಡು ಕಡಿಮೆ. ಕಾಣದ ಸ್ಥಳದಲ್ಲಿ ಹೆಚ್ಚು. ಎರಡನೆಯದು, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುತ್ತದೆ. ಬಣ್ಣ ಗುಳ್ಳೆಯೇಳುವುದು ಅದು ಒಳಗಿನಿಂದ ನೂಕುವುದರಿಂದ. ಮೂರನೆಯದು, ತುಕ್ಕು ಸರಂಧ್ರವಾದ ಪದಾರ್ಥ. ಅಲ್ಯೂಮಿನಿಯಮ್ಮಿನ ಆಕ್ಸೈಡು ತನ್ನ ಲೋಹವನ್ನು ಕವಚದಂತೆ ಕಾಯುತ್ತದೆ. ಕಬ್ಬಿಣದ ತುಕ್ಕು ಸ್ಪಂಜಿನಂತೆ ನೀರನ್ನು ಹಿಡಿದಿಟ್ಟು ಮತ್ತಷ್ಟು ತುಕ್ಕಿಗೆ ದಾರಿಮಾಡುತ್ತದೆ. ತುಕ್ಕಿನ ಮೇಲೆ ಬಳಿದ ಬಣ್ಣವು ನೀರನ್ನು ಹೊರಗಿಡುವುದಿಲ್ಲ, ಒಳಗಿನ ನೀರು ಆರದಂತೆ ಕಾಯುತ್ತದೆ.

ಹಾಗಾದರೆ ದೆಹಲಿಯ ಕಬ್ಬಿಣದ ಕಂಬವು ಸುಮಾರು 1600 ವರ್ಷಗಳಿಂದ ಉಳಿದು ಬಂದುದು ಹೇಗೆಂದು ವಿದ್ಯಾರ್ಥಿಗಳು ಕೇಳುವುದುಂಟು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ಉಂಟಾದ ಬಿಗಿಯಾದ ತೆಳುಪದರವು ಲೋಹವನ್ನು ಕಾಯುತ್ತಿದೆಯೆಂದು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಹ್ಮಣ್ಯಂ ಅವರ ಸಂಶೋಧನೆ ತಿಳಿಸಿದೆ. ನಮ್ಮ ನಾಡಿನ ಕೊಡಚಾದ್ರಿಯಲ್ಲಿಯೂ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಇಂತಹ ಹಳೆಯ ಕಬ್ಬಿಣದ ಕಂಬವೊಂದು ಮಲೆನಾಡಿನ ಮಳೆಗೆ ಮೈಯೊಡ್ಡಿ ನಿಂತಿದೆ. ಕಾರಿನ ತಗಡು ಅಂತಹ ಕಬ್ಬಿಣವಲ್ಲ. ಅದು ಒಂದು ಮಿಲಿಮೀಟರಿನ ಆಸುಪಾಸಿನ ತೆಳು ಉಕ್ಕು. ಅದರ ಆಯುಷ್ಯವೆಲ್ಲ ಮೇಲಿನ ಬಣ್ಣದಲ್ಲಿದೆ.

ಪರೀಕ್ಷೆ

ಮೇಸ್ತ್ರಿಯವರು ಕಾರನ್ನು ಕಂಡೊಡನೆ ಬಣ್ಣವನ್ನು ನೋಡಲಿಲ್ಲ. ಕಾಲ ಬಳಿಯ ಕಾರ್ಪೆಟ್ಟುಗಳನ್ನು ಎತ್ತಿಸಿದರು. ಡಿಕ್ಕಿಯಿಂದ ಸ್ಟೆಪ್ನಿಯನ್ನು ತೆಗೆಸಿದರು. ಬಾಗಿಲುಗಳ ತಳದಲ್ಲಿ ನೀರು ಹರಿದುಹೋಗಲೆಂದು ಬಿಟ್ಟಿರುವ ರಂಧ್ರಗಳಿಗೆ ತಂತಿ ತೂರಿಸಿ ನೋಡಿದರು. ಅವುಗಳಲ್ಲಿ ಬಹುಪಾಲು ಹೊಂಗೆಯ ಎಲೆ, ಹೂಗಳ ಕಸದಿಂದ ಮುಚ್ಚಿಹೋಗಿದ್ದವು. ಕಿಟಕಿಯ ಗಾಜಿನ ಸಂದಿಯಿಂದ ಬಾಗಿಲೊಳಕ್ಕೆ ಇಳಿದ ಮಳೆನೀರು ಅಲ್ಲಿಯೇ ನಿಂತು ಒಳಗಿನಿಂದ ತಗಡನ್ನು ತಿಂದಿತ್ತು.

ಬಳಿಕ ಅವರು ಸಣ್ಣ ಅಯಸ್ಕಾಂತವೊಂದಕ್ಕೆ ತೆಳುಬಟ್ಟೆ ಸುತ್ತಿ ಕಾರಿನ ಮೈಮೇಲೆ ಎಳೆಯುತ್ತ ಹೋದರು. ಉಕ್ಕಿರುವೆಡೆ ಅದು ಅಂಟಿಕೊಂಡಿತು. ಪುಟ್ಟಿ ದಪ್ಪವಾಗಿರುವೆಡೆ ಜಾರಿತು. ಜಾರಿದ ಜಾಗಗಳಿಗೆಲ್ಲ ಸೀಮೆಸುಣ್ಣದಿಂದ ಗುರುತಿಟ್ಟರು. ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿದಾಗ ಗಟ್ಟಿ ತಗಡು ಠಣ್ ಎಂದಿತು. ಕೊಳೆತ ತಗಡು ದೊಬ್ಬೆಂದಿತು. ಅರ್ಧ ಗಂಟೆಯಲ್ಲಿ ಹೊಳೆಯುವ ಕಾರಿನ ಮೇಲೆ ರೋಗದ ನಕಾಶೆಯೊಂದು ಮೂಡಿತ್ತು.

ತುಕ್ಕನ್ನು ಮೂರು ಹಂತಗಳಾಗಿ ವಿಂಗಡಿಸಬಹುದು. ಮೇಲ್ಮೈಯ ತುಕ್ಕು ಉಪ್ಪುಕಾಗದದಿಂದ ಉಜ್ಜಿದರೆ ಹೋಗುತ್ತದೆ. ಗುಳಿಬಿದ್ದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿ, ರಾಸಾಯನಿಕಗಳಿಂದ ಉಪಚರಿಸಬೇಕಾಗುತ್ತದೆ. ರಂಧ್ರಬಿದ್ದ ತುಕ್ಕಿಗೆ ಔಷಧಿಯಿಲ್ಲ. ಆ ಭಾಗವನ್ನು ಕತ್ತರಿಸಿ ಹೊಸ ಲೋಹವನ್ನು ಕೂಡಿಸುವುದೊಂದೇ ಮಾರ್ಗ.

ಎರಡನೆಯ ಹಂತಕ್ಕೆ ಬಳಸುವ ರಾಸಾಯನಿಕಗಳಲ್ಲಿ ಫಾಸ್ಫಾರಿಕ್ ಆಮ್ಲವುಳ್ಳದ್ದು ಒಂದು ಬಗೆ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ಟ್ಯಾನಿನ್ ಉಳ್ಳದ್ದು ಮತ್ತೊಂದು ಬಗೆ. ಅದು ತುಕ್ಕನ್ನು ಕಪ್ಪಾಗಿಸುತ್ತದೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಶಾಯಿ ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಕಪ್ಪು ಮತ್ತು ಈ ಕಪ್ಪು ಒಂದೇ ಜಾತಿಯವು. ಆದರೆ ಇವೆರಡೂ ಗಟ್ಟಿ ಲೋಹವಿದ್ದರೆ ಮಾತ್ರ ಫಲಕಾರಿ. ಪುಡಿಯಾದುದನ್ನು ಇವು ಮರಳಿ ಉಕ್ಕಾಗಿಸಲಾರವು.

ನಿರ್ಣಯದ ಗಳಿಗೆ

ನಮ್ಮ ಕಾರಿನಲ್ಲಿ ಮೂರನೆಯ ಹಂತದ ತುಕ್ಕು ಹೆಚ್ಚಾಗಿ ಕಂಡುದು ಬಾಗಿಲುಗಳ ಕೆಳಗೆ ಮುಂದಿನಿಂದ ಹಿಂದಕ್ಕೆ ಹಾಯುವ ಪೆಟ್ಟಿಗೆಯಾಕಾರದ ತೊಲೆಯಲ್ಲಿ. ಗ್ಯಾರೇಜಿನವರು ಇದನ್ನು ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಇದು ಕೇವಲ ಅಲಂಕಾರದ ಪಟ್ಟಿಯೆಂದೇ ಅಂದಿನವರೆಗೆ ನಾವು ತಿಳಿದಿದ್ದೆವು. ಅದು ತಪ್ಪು. ಜೀಪಿನಲ್ಲಿ ಅಥವಾ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿ ಚಾಸಿ ಬೇರೆ, ಒಡಲು ಬೇರೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರಿಗೆ ಪ್ರತ್ಯೇಕ ಚಾಸಿಯಿಲ್ಲ. ಅದರ ಒಡಲೇ ಅದರ ಎಲುಬು. ರನ್ನಿಂಗ್ ಬೋರ್ಡು ಕೊಳೆತರೆ ಮನೆಯ ತೊಲೆ ಗೆದ್ದಲು ಹಿಡಿದಂತೆ. ಅಪಘಾತವಾದರೆ ಒಳಗಿರುವವರನ್ನು ಕಾಯುವ ಬಲ ಅದಕ್ಕೆ ಉಳಿದಿರುವುದಿಲ್ಲ.

ಮೇಸ್ತ್ರಿಯವರು ಮೊಳೆಯೊಂದನ್ನು ಎಡಗಡೆಯ ತೊಲೆಗೆ ಒತ್ತಿದರು. ಅದು ಬೆರಳಿನ ಬಲಕ್ಕೇ ಒಳಹೊಕ್ಕಿತು. “ಮೇಷ್ಟ್ರೇ, ಮೇಲೆ ಬಳಿದುಕೊಡು ಅಂದರೆ ನಾಳೆಯೇ ಬಳಿದುಕೊಡುತ್ತೇನೆ. ಆದರೆ ಈ ಗಾಡಿಯಲ್ಲಿ ಮೊಮ್ಮಕ್ಕಳನ್ನು ಕೂರಿಸುತ್ತೀರಾ, ಅದನ್ನು ಹೇಳಿ” ಎಂದರು. ಆ ಪ್ರಶ್ನೆಯೇ ನಮ್ಮ ಮನೆಯ ವಾದಕ್ಕೆ ತೀರ್ಪಾಯಿತು. ಗುಜರಿಗೆ ಕೊಡುವುದು ಪ್ರಾಮಾಣಿಕವಾದ ದಾರಿ. ಕತ್ತರಿಸಿ ಹೊಸದಾಗಿ ಕಟ್ಟುವುದೂ ಪ್ರಾಮಾಣಿಕವಾದ ದಾರಿ. ಇವೆರಡರ ನಡುವೆ ಬಳಿದು ಓಡಿಸುವುದೆಂಬ ಮೂರನೆಯ ದಾರಿಯಿಲ್ಲ. ಕಟ್ಟುವುದೆಂದು ನಿಶ್ಚಯಿಸಿದೆವು.

ದುರಸ್ತಿಯ ಕ್ರಮ

ಮೊದಲು ಬ್ಯಾಟರಿಯನ್ನೂ ಪೆಟ್ರೋಲಿನ ಟ್ಯಾಂಕನ್ನೂ ಕಳಚಿ ದೂರವಿರಿಸಲಾಯಿತು. ಬೆಸುಗೆಯ ಕಿಡಿ ಎಲ್ಲಿ ಬೀಳುವುದೆಂದು ಹೇಳಲಾಗದು. ತಳಕ್ಕೆ ಬಳಿದ ಡಾಂಬರಿನಂತಹ ಲೇಪ, ಸೀಟಿನ ನಾರು ಎಲ್ಲವೂ ಹೊತ್ತಿಕೊಳ್ಳುವ ಪದಾರ್ಥಗಳು. ಅಗ್ನಿಶಾಮಕ ಸಿಲಿಂಡರೊಂದು ಸದಾ ಕೈಗೆಟುಕುವಂತೆ ಇತ್ತು.

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ತೊಲೆಯನ್ನು ಕತ್ತರಿಸುವ ಮುನ್ನ ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದರು. ತೊಲೆ ತೆಗೆದಾಗ ಒಡಲು ತನ್ನ ಭಾರಕ್ಕೆ ತಾನೇ ಬಗ್ಗಬಾರದೆಂಬುದು ಇದರ ಉದ್ದೇಶ. ಬಾಗಿಲುಗಳ ಸಂದಿಯ ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟರು. ಒಂದು ಪಕ್ಕದ ಕೆಲಸ ಪೂರ್ತಿಯಾಗುವವರೆಗೆ ಇನ್ನೊಂದು ಪಕ್ಕವನ್ನು ಮುಟ್ಟಲಿಲ್ಲ. ಈ ಎಚ್ಚರವಿಲ್ಲದೆ ಎರಡೂ ಕಡೆ ಒಮ್ಮೆಲೇ ಕತ್ತರಿಸಿದರೆ ಬಾಗಿಲುಗಳು ಮತ್ತೆಂದೂ ಸರಿಯಾಗಿ ಮುಚ್ಚಲಾರವು.

ತುಕ್ಕು ಕಂಡ ಗೆರೆಗೆ ಸರಿಯಾಗಿ ಕತ್ತರಿಸುವುದು ಸಲ್ಲದು. ಅದನ್ನು ದಾಟಿ ಎರಡು ಮೂರು ಸೆಂಟಿಮೀಟರು, ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ, ಹೋಗಬೇಕು. ಹೀಗೆ ಹೋದಾಗ ನಡುಗಂಬದ ಬುಡವೂ ಕೊಳೆತಿರುವುದು ಕಂಡಿತು. ಇದು ನಾವು ಎಣಿಸಿರದ ಖರ್ಚು. ಇನ್ನೂ ಕೈಬಿಡಬಹುದೆಂದು ಮೇಸ್ತ್ರಿಯವರೇ ಸೂಚಿಸಿದರು. ಒಂದು ರಾತ್ರಿ ಯೋಚಿಸಿ ಮುಂದುವರಿಸಲು ತಿಳಿಸಿದೆವು. ಹಳೆಯ ಕಾರನ್ನು ಕೈಗೆತ್ತಿಕೊಳ್ಳುವವರು ಕತ್ತರಿಸುವವರೆಗೂ ನಿಜವಾದ ಲೆಕ್ಕ ತಿಳಿಯದೆಂಬುದನ್ನು ಮೊದಲೇ ಅರಿತಿರುವುದು ಒಳ್ಳೆಯದು.

ತೆರವಾದ ಜಾಗಕ್ಕೆ ರಟ್ಟಿನ ಮಾದರಿ ಕತ್ತರಿಸಿ, ಅದರಂತೆ 20 ಗೇಜಿನ, ಎಂದರೆ ಸುಮಾರು 0.9 ಮಿಲಿಮೀಟರ್ ದಪ್ಪದ, ಉಕ್ಕಿನ ಹಾಳೆಯನ್ನು ಮಡಿಸಿ ಸಿದ್ಧಪಡಿಸಿದರು. ಭಾರ ಹೊರುವ ಒಳಗಿನ ಭಾಗಗಳಿಗೆ ಮೂಲದಲ್ಲಿದ್ದಂತೆಯೇ ಹೆಚ್ಚು ದಪ್ಪದ ಹಾಳೆಯನ್ನು ಬಳಸಿದರು. ಹೊರಮೈಯಲ್ಲಿ ಹೊಸ ತಗಡನ್ನು ಹಳೆಯದರ ಮೇಲೆ ಹೊದಿಸದೆ, ಅಂಚಿಗೆ ಅಂಚು ಕೂಡಿಸಿ ಬೆಸೆದರು. ಒಂದರ ಮೇಲೊಂದು ಹೊದಿಸಿದರೆ ನಡುವೆ ಸಂದಿಯುಂಟಾಗಿ, ಮೇಲೆ ಹೇಳಿದ ಗಾಳಿಯಿಲ್ಲದ ಸ್ಥಳವನ್ನು ನಾವೇ ನಿರ್ಮಿಸಿಕೊಟ್ಟಂತಾಗುತ್ತದೆ. ಬೆಸುಗೆಯನ್ನು ಉದ್ದಕ್ಕೆ ಎಳೆಯದೆ, ಒಂದು ಚುಕ್ಕೆ ಇಲ್ಲಿ, ಮತ್ತೊಂದು ಚುಕ್ಕೆ ಅಲ್ಲಿ ಇಟ್ಟು, ಆರಲು ಬಿಟ್ಟು, ನಿಧಾನವಾಗಿ ನಡುವಿನ ಅಂತರವನ್ನು ತುಂಬಿದರು. ಒಮ್ಮೆಗೇ ಕಾಸಿದರೆ ತೆಳು ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಆ ಬಳಿಕ ಸುತ್ತಿಗೆಯ ಕೆಲಸ. ತಗಡಿನ ಹಿಂದೆ ಉಕ್ಕಿನ ಅಡಿಗಟ್ಟಿಯನ್ನು ಹಿಡಿದು, ಮುಂದಿನಿಂದ ಹದವಾಗಿ ಬಡಿದು, ಅಂಗೈ ಸವರಿ, ಮತ್ತೆ ಬಡಿದು ಮೈಯನ್ನು ಸಮಗೊಳಿಸಿದರು. ಪುಟ್ಟಿಯನ್ನು ಅವರು ಬಳಸಲಿಲ್ಲವೆಂದಲ್ಲ. ಕೊನೆಯ ಸೂಕ್ಷ್ಮ ತಗ್ಗುಗಳಿಗೆ ಒಂದೆರಡು ಮಿಲಿಮೀಟರು ಮೀರದಂತೆ ಹಚ್ಚಿದರು. ಪುಟ್ಟಿಯ ಸ್ಥಾನ ಲೋಹದ ಮೇಲೆಯೇ ಹೊರತು ಲೋಹದ ಬದಲಿಗಲ್ಲ.

ಉಜ್ಜಿ ಬೆತ್ತಲಾದ ಉಕ್ಕು ಬೆಂಗಳೂರಿನ ಮಳೆಗಾಲದಲ್ಲಿ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಾಗತೊಡಗುತ್ತದೆ. ಆದುದರಿಂದ ಅಂದಂದು ಉಜ್ಜಿದುದಕ್ಕೆ ಅಂದಂದೇ ಎಪಾಕ್ಸಿ ಪ್ರೈಮರ್ ಬಳಿದರು. ಬೆವರಿನ ಉಪ್ಪು ಅಂಟಬಾರದೆಂದು ಬರಿಗೈಯಿಂದ ಮುಟ್ಟಲು ಯಾರಿಗೂ ಅವಕಾಶವಿರಲಿಲ್ಲ. ಬೆಸುಗೆಯ ಸಂದುಗಳಿಗೆ ಸೀಲರ್ ತುಂಬಿ, ಆಮೇಲೆ ಬಣ್ಣ ಹೊಡೆದರು. ಬಣ್ಣ ಆರಿದ ತರುವಾಯ ತೊಲೆಗಳ ಮತ್ತು ಬಾಗಿಲುಗಳ ಟೊಳ್ಳಿನೊಳಕ್ಕೆ ಉದ್ದ ಕೊಳವೆಯ ಮೂಲಕ ಮೇಣದ ದ್ರವವನ್ನು ಸಿಂಪಡಿಸಿದರು. ಕಾಣದ ಕಡೆಯಿಂದ ಬಂದ ಕೇಡಿಗೆ ಕಾಣದ ಕಡೆಯೇ ರಕ್ಷೆಯೂ ಬೇಕು. ಕಟ್ಟಕಡೆಗೆ ನೀರಿನ ರಂಧ್ರಗಳೆಲ್ಲ ತೆರೆದಿವೆಯೇ ಎಂದು ತಂಬಿಗೆಯಿಂದ ನೀರು ಹುಯ್ದು ಪರೀಕ್ಷಿಸಿದರು. ಹಿಂದೆ ಐದು ದಿನಗಳಲ್ಲಿ ಮುಗಿದಿದ್ದ ಕೆಲಸ ಈ ಬಾರಿ ನಾಲ್ಕು ತಿಂಗಳು ಹಿಡಿಯಿತು.

ಕೆಲಸಗಾರರ ಆರೋಗ್ಯದ ಬಗೆಗೂ ಒಂದು ಮಾತು ಅಗತ್ಯ. ಈಗಿನ ಎರಡು ಪದಾರ್ಥ ಬೆರೆಸಿ ಹೊಡೆಯುವ ಬಣ್ಣಗಳಲ್ಲಿನ ಐಸೊಸಯನೇಟ್ ಶ್ವಾಸಕೋಶಕ್ಕೆ ಹಾನಿಕರ. ಸತುವಿನ ಲೇಪವಿರುವ ತಗಡನ್ನು ಬೆಸೆದಾಗ ಏಳುವ ಹೊಗೆ ಜ್ವರ ತರುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರ ಇವನ್ನು ತಡೆಯಲಾರದು. ತಕ್ಕ ಮುಖವಾಡಕ್ಕೆ ಆಗುವ ಖರ್ಚನ್ನು ಕಾರಿನ ಯಜಮಾನನೇ ಕೊಡುವುದು ಯೋಗ್ಯ.

ಕಾನೂನಿನ ಒಂದು ಅಂಶ

ಐವತ್ತು ವರ್ಷ ಮೀರಿದ ವಾಹನಗಳನ್ನು ಕುರಿತು ಕೇಂದ್ರ ಸರಕಾರವು 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ‘ವಿಂಟೇಜ್’ ವಾಹನವೆಂಬ ಪ್ರತ್ಯೇಕ ವರ್ಗವನ್ನು ಸ್ಥಾಪಿಸಿತು. ಅದರಂತೆ ವಾಹನವು ಮೂಲರೂಪದಲ್ಲಿ ಉಳಿದಿರಬೇಕು. ಚಾಸಿ, ಒಡಲು, ಎಂಜಿನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅದನ್ನು ಬಳಸಬಾರದು. ಹೊಸದಾಗಿ ನೋಂದಣಿಯಾಗುವುದಕ್ಕೆ ‘ವಿ.ಎ.’ ಎಂಬ ಅಕ್ಷರಗಳು. ಮೊದಲೇ ನೋಂದಣಿಯಾದವು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದುದರಿಂದ ಕೊಳೆತ ಭಾಗವನ್ನು ಅದೇ ಆಕಾರದಲ್ಲಿ, ಅದೇ ದಪ್ಪದಲ್ಲಿ ಪುನಃ ಕಟ್ಟುವುದು ಕೇವಲ ಅಭಿಮಾನದ ಮಾತಲ್ಲ. ಕೆಲಸದ ಮುಂಚಿನ, ನಡುವಿನ, ಕೊನೆಯ ಛಾಯಾಚಿತ್ರಗಳನ್ನೂ ರಶೀದಿಗಳನ್ನೂ ಜೋಪಾನವಾಗಿಡುವುದು ಕ್ಷೇಮ.

ಪಾಠದ ವ್ಯಾಪ್ತಿ

ಈ ಅಭ್ಯಾಸವು ಕಾರುಳ್ಳವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಶಾಲೆಯ ಕಟ್ಟಡಗಳ ಆರ್‌.ಸಿ.ಸಿ. ಛಾವಣಿಯಿಂದ ಗಾರೆಯ ಹೆಂಟೆ ಉದುರುವುದು, ಒಳಗಿನ ಕಂಬಿಗೆ ತುಕ್ಕು ಹಿಡಿದು ಅದು ಊದಿಕೊಂಡಾಗ. ಹೊರಗಿನಿಂದ ಸಿಮೆಂಟು ಮೆತ್ತಿ ಸುಣ್ಣ ಹೊಡೆಯುವುದು ನಮ್ಮ ಕಾರಿಗೆ ಮೊದಲು ನಡೆದ ಚಿಕಿತ್ಸೆಯಂಥದೇ. ನೀರು ಎಲ್ಲಿಂದ ಇಳಿಯುತ್ತಿದೆಯೆಂದು ಕಂಡು, ಸಡಿಲಾದುದನ್ನು ಕಿತ್ತು, ಕಂಬಿಯನ್ನು ಶುದ್ಧಗೊಳಿಸಿದ ಮೇಲೆಯೇ ಮುಚ್ಚುವುದು ಸರಿಯಾದ ಕ್ರಮ. ಶಾಲೆಯ ಬಸ್ಸಿನ ನೆಲ, ನೀರಿನ ಟ್ಯಾಂಕಿನ ಏಣಿ, ಆಟದ ಮೈದಾನದ ಉಯ್ಯಾಲೆಯ ಸರಪಳಿ ಇವೆಲ್ಲವೂ ಮಕ್ಕಳ ಭಾರ ಹೊರುವ ಕಬ್ಬಿಣಗಳು. ದಾನಿಗಳು ಹೊಸ ಕಟ್ಟಡಕ್ಕೆ ಸಂತೋಷದಿಂದ ಕೊಡುತ್ತಾರೆ. ಹಳೆಯದರ ಪಾಲನೆಗೆ ಕೊಟ್ಟ ಹಣಕ್ಕೆ ಶಿಲಾಫಲಕವಿರುವುದಿಲ್ಲ. ಆದರೂ ಅದರ ಪ್ರಯೋಜನ ಕಿರಿದಲ್ಲ.

ಉಪಾಧ್ಯಾಯ ಮಿತ್ರರಲ್ಲಿಯೂ ಒಂದು ಸೂಚನೆ. ಮೂರು ಪ್ರನಾಳಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಬಹುದು: ತುಕ್ಕು ಹಿಡಿದ ಮೊಳೆಯೊಂದಕ್ಕೆ ಹಾಗೆಯೇ ಬಣ್ಣ ಬಳಿದು, ಮತ್ತೊಂದನ್ನು ಹೊಳೆಯುವಂತೆ ಉಜ್ಜಿ ಬಣ್ಣ ಬಳಿದು, ಎರಡನ್ನೂ ಉಪ್ಪುನೀರಿನಲ್ಲಿ ಇರಿಸಿ, ಕೆಲವು ವಾರಗಳ ಬಳಿಕ ಬಣ್ಣವನ್ನು ಕೆರೆದು ಒಳಗಿನ ಸ್ಥಿತಿಯನ್ನು ಹೋಲಿಸಿ ನೋಡುವುದು. ಪ್ರವಾಸ ಹೊರಡುವವರು ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಆಶ್ರಯದಲ್ಲಿ 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದು, ಹಳೆಯ ಕಾರುಗಳನ್ನು ಮಳೆಬಿಸಿಲು ತಾಗದಂತೆ ಇರಿಸಿರುವುದನ್ನು ತೋರಿಸಬಹುದು.

ನಮ್ಮ ಕಾರು ಈಗ ಹೊಂಗೆಯ ಮರದ ಕೆಳಗಿಲ್ಲ, ಗಾಳಿಯಾಡುವ ಶೆಡ್ಡಿನಲ್ಲಿದೆ. ಮಳೆಯಲ್ಲಿ ನೆನೆದು ಬಂದ ದಿನ ಅದನ್ನು ತೊಳೆದು, ಒರಸಿ, ಬಾಗಿಲುಗಳನ್ನು ಕೆಲಹೊತ್ತು ತೆರೆದಿಡುವುದು ಮಗನ ಕೆಲಸ. ಗುಜರಿಗೆ ಕೊಡೋಣವೆಂದಿದ್ದವನೇ ಈಗ ತಂತಿ ಹಿಡಿದು ನೀರಿನ ರಂಧ್ರಗಳನ್ನು ಶುದ್ಧಮಾಡುತ್ತಾನೆ. ಮೇಸ್ತ್ರಿಯವರು ಕತ್ತರಿಸಿ ತೆಗೆದ ಎಡಗಡೆಯ ತೊಲೆಯ ತುಂಡೊಂದನ್ನು ಈ ಲೇಖಕನು ಬಟ್ಟೆಯಲ್ಲಿ ಸುತ್ತಿ ತಂದು ಶಾಲೆಯ ಪ್ರಯೋಗಾಲಯಕ್ಕೆ ಒಪ್ಪಿಸಿದ್ದಾನೆ. ಅದರ ಒಂದು ಮೈಯಲ್ಲಿ ಹೊಳೆಯುವ ಬಣ್ಣವಿದೆ. ಇನ್ನೊಂದು ಮೈಯಲ್ಲಿ ಬೆರಳಿಗೆ ಉದುರುವ ತುಕ್ಕಿದೆ. ವಿದ್ಯಾರ್ಥಿಗಳು ಎರಡು ಮೈಗಳನ್ನೂ ತಿರುಗಿಸಿ ನೋಡಲೆಂದು ಕೋರಿಕೆ.